ಬಲಕ್ಕೆ ಹೋದ ಜತ್ತಪ್ಪ ಮಾಸ್ಟ್ರು

ಬೆಳ್ಳಾರೆಯ ಜತ್ತಪ್ಪ ಮಾಸ್ಟ್ರು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಾರಿನ ರೇಸಿಗೆ ಹೆಸರು ಕೊಟ್ಟದ್ದಕ್ಕೆ ಕಾರಣ ಒಂದು ಲೋಟ ಕಾಫಿ.

ಗುರುವಾರ ಅವರೂ ಅವರ ಹೆಂಡತಿ ದಮಯಂತಿಯೂ ಪುತ್ತೂರಿಗೆ ಹೋಗಿದ್ದರು. ಒಟ್ಟಿಗೆ ಅಲ್ಲ. ಮಾಸ್ಟ್ರು ಮೂರು ತಿಂಗಳ ಹಿಂದೆ ಕೊಂಡ ಹೊಸ ಬಿಳಿ ಕಾರಿನಲ್ಲಿ, ದಮಯಂತಿ ಬಸ್ಸಿನಲ್ಲಿ. ಹಿಂದಿರುಗುವಾಗ ಇಬ್ಬರೂ ಒಂದೇ ಹೊತ್ತಿಗೆ ಪುತ್ತೂರು ಬಿಟ್ಟರು. ಮಾಸ್ಟ್ರು ಬೆವರೊರೆಸಿಕೊಳ್ಳುತ್ತ ಅಂಗಳದಲ್ಲಿ ಕಾರು ನಿಲ್ಲಿಸುವಾಗ ದಮಯಂತಿ ಮಿಂದು, ಬಟ್ಟೆ ಒಣಗಹಾಕಿ, ಕಾಫಿ ಮಾಡಿ, ಅದು ತಣಿದು, ಎರಡನೆಯ ಸಲ ಬಿಸಿಗಿಟ್ಟಾಗಿತ್ತು.

"ದಾರಿಯಲ್ಲಿ ಯಾರಾದ್ರೂ ನೆಂಟರ ಮನೆಗೆ ಹೋದ್ರಾ?" ಎಂದು ದಮಯಂತಿ ಲೋಟ ಮುಂದಿಟ್ಟರು.

ಮಾಸ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೈದು ಕಿಲೋಮೀಟರಿನ ಮೇಲೆ ಮುಳ್ಳು ಏರಲು ಬಿಡದೆ, ತಿರುವು ಕಂಡಲ್ಲೆಲ್ಲ ಹಾರ್ನ್ ಹಾಕಿ, ನಾಯಿ ಅಡ್ಡ ಬಂದರೂ ನಿಲ್ಲಿಸಿ, ನಿಯಮ ಪಾಲಿಸಿ ಕಾರು ಬಿಡುವ ಏಕೈಕ ಮನುಷ್ಯ ಈ ತಾಲೂಕಿನಲ್ಲಿ ತಾನು. ಅದಕ್ಕೆ ಸಿಗುವ ಮರ್ಯಾದೆ ಇದು!

"ಮನೆಯಲ್ಲಿ ಕಾರಿದ್ದು ಬಸ್ಸಿಗೆ ಹೋಗುವ ಹೆಂಗಸು ನೀನೊಬ್ಳೇ!"

"ನಾನೆಂತ ಮಾಡುದು? ಮೀನಿನವ ಹಳೇ ಲೂನಾದಲ್ಲಿ ಓವರ್‌ಟೇಕ್ ಮಾಡಿ, ತಿರುಗಿ ನೋಡಿ ನಗಾಡ್ತಾನೆ. ನನಗೆ ನಾಚಿಕೆ ಆಗ್ತದೆ. ಸೋಮವಾರ ತಂಗಿಯ ಮನೆ ಒಕ್ಲಿಗೂ ಅಷ್ಟೆ, ನಾನು ಕೋಡಿಂಬಾಳಕ್ಕೆ ಮೋಹಿನಿಯಕ್ಕನವರ ಕಾರಿನಲ್ಲಿ ಹೋಗುದು. ಸೀಟು ಹೇಳಿ ಆಗಿದೆ."

ಇದು ಮಾತ್ರ ಮಾಸ್ಟ್ರಿಗೆ ಸಹಿಸಲಾಗಲಿಲ್ಲ. ಮೋಹಿನಿಯಕ್ಕ ಎಂದರೆ ಪಕ್ಕದ ಮನೆಯ ದೇವದಾಸ ರೈಗಳ ಹೆಂಡತಿ. ಮನೆ ಒಕ್ಕಲು ಎಂದರೆ ಗೃಹಪ್ರವೇಶ, ಹೆಂಡತಿಯ ಕಡೆಯವರು ಇಡೀ ಸೇರುತ್ತಾರೆ. ಅವರೆದುರು ಹೆಂಡತಿ ನೆರೆಯವರ ಕಾರಿನಿಂದ ಇಳಿಯುವುದು, ಹಿಂದಿನಿಂದ ತಾನು ಹೊಸ ಕಾರಿನಲ್ಲಿ ಒಬ್ಬನೇ, ಅದೂ ಊಟದ ಎರಡನೇ ಪಂಕ್ತಿಯ ಹೊತ್ತಿಗೆ ಬಂದು ಮುಟ್ಟುವುದು! ಕಾರು ಕೊಂಡ ದಿನದಿಂದ ಆ ಮುಂದಿನ ಎಡಗಡೆಯ ಸೀಟಿನಲ್ಲಿ ದಮಯಂತಿ ಕುಳಿತದ್ದು ಒಂದೇ ಸಲ, ಪೂಜೆಯ ದಿನ, ದೇವಸ್ಥಾನದಿಂದ ಮನೆಯವರೆಗೆ. ಅರ್ಧ ದಾರಿಯಲ್ಲಿ ಇಳಿದು ನಡೆದಿದ್ದರು.

"ನಾನು ಜೋರು ಬಿಡ್ತೇನೆ ಅಂತ ತೋರಿಸಿದ್ರೆ ನನ್ನ ಕಾರಲ್ಲಿ ಕೂರ್ತೀಯಾ?"

"ತೋರ್ಸಿ, ಮತ್ತೆ ನೋಡುವ" ಎಂದರು ದಮಯಂತಿ, ಬಾಳೆಕಾಯಿ ಹೆಚ್ಚುತ್ತ.

ಅದೇ ಸಂಜೆ ಅವರ ಹಳೆಯ ವಿದ್ಯಾರ್ಥಿ ರಕ್ಷಿತ್ ಗೇಟಿನ ಹತ್ತಿರ ಬಂದ. ಊರ ಹೊರಗೆ ಗುಡ್ಡ ಕಡಿದು ಸೈಟ್ ಮಾಡಲು ಸಮ ಮಾಡಿಟ್ಟ ಜಾಗದಲ್ಲಿ ಭಾನುವಾರ ಯುವಕ ಸಂಘದವರ ಕಾರ್ ರೇಸು. ಒಬ್ಬೊಬ್ಬರೇ ಟ್ರ್ಯಾಕ್ ಸುತ್ತುವುದು, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ರಕ್ಷಿತ್ ಬಂದದ್ದು ಮಾಸ್ಟ್ರನ್ನು ಉದ್ಘಾಟನೆಗೆ ಕರೆಯಲು. ಮಾಸ್ಟ್ರು ಹೊಸಬರ ವಿಭಾಗಕ್ಕೆ ಹೆಸರು ಬರೆಸಿದರು.

"ಸರ್, ನೀವು?" ಎಂದ ರಕ್ಷಿತ್.

"ಯಾಕೆ, ನಾನು ಹೊಸಬ ಅಲ್ವ?" ಎಂದು ಮಾಸ್ಟ್ರು ಗದರಿದ ಮೇಲೆ ಅವನು ಬಾಯಿ ಮುಚ್ಚಿಕೊಂಡು ಬರೆದುಕೊಂಡ.

ಭಾನುವಾರ ಬೆಳಿಗ್ಗೆ ಆರಕ್ಕೇ ಮಾಸ್ಟ್ರು ಕಾರು ತೊಳೆಯಲು ನಿಂತರು. ಏಳಕ್ಕೆ ಬೇಲಿಯಾಚೆಯಿಂದ ದೇವದಾಸ ರೈಗಳು ಬಂದರು. ಯಾರೂ ಕರೆದಿರಲಿಲ್ಲ. ಮೂವತ್ತು ವರ್ಷ ಲಾರಿ ಇಟ್ಟುಕೊಂಡಿದ್ದ ರೈಗಳಿಗೆ ನಾಲ್ಕು ಚಕ್ರದ ಯಾವ ವಿಷಯಕ್ಕೂ ಯಾರೂ ಕರೆಯಬೇಕಾಗಿಲ್ಲ.

"ಎಂತ ಮಾಸ್ಟ್ರೆ, ಈ ಚಪ್ಪಲಿಯಲ್ಲಿ ರೇಸು ಬಿಡುದಾ? ಕಾಲು ಜಾರಿದ್ರೆ ಕತೆ ಮುಗೀತು. ನಿಲ್ಲಿ."

ರೈಗಳ ಮನೆಯಿಂದ ಅವರ ಮಗ ಅಶ್ವಿತನ ಶೂ ಬಂತು. ಅಶ್ವಿತ್ ಆರಡಿ ಎತ್ತರದ ಹುಡುಗ. ಶೂವಿನೊಳಗೆ ಮಾಸ್ಟ್ರ ಪಾದ ಹೋಗಿ, ಮುಂದೆ ಇನ್ನೂ ಎರಡು ಬೆರಳು ಜಾಗ ಉಳಿಯಿತು. ಅಲ್ಲಿಗೆ ರೈಗಳು ಹಳೇ ಬನಿಯನು ತುರುಕಿದರು. ಅಶ್ವಿತನ ಹೆಲ್ಮೆಟ್ಟೂ ಬಂತು. ಅದನ್ನು ಹಾಕಿದ ಮೇಲೆ ಮಾಸ್ಟ್ರಿಗೆ ತಮ್ಮ ಉಸಿರಲ್ಲದೆ ಬೇರೇನೂ ಸರಿಯಾಗಿ ಕೇಳಿಸಲಿಲ್ಲ.

ಟ್ರ್ಯಾಕಿನ ಬಳಿ ಹೊಸ ತೊಂದರೆ ಹುಟ್ಟಿತು. ಅಲ್ಲಿ ರಸ್ತೆಯಂಥದ್ದು ಏನೂ ಇಲ್ಲ. ಕೆಂಪು ಮಣ್ಣು, ಅಲ್ಲಲ್ಲಿ ನೆಟ್ಟ ಕೋನುಗಳು, ಕಟ್ಟಿದ ಟೇಪು. ಎಲ್ಲಿಂದ ಎಲ್ಲಿಗೆ ತಿರುಗಬೇಕೆಂದು ರಕ್ಷಿತ್ ಮೂರು ಸಲ ಹೇಳಿದ. ಹಳಗನ್ನಡದ ಪದ್ಯಗಳನ್ನು ಪುಸ್ತಕ ಮುಚ್ಚಿ ಹೇಳುವ ಮಾಸ್ಟ್ರಿಗೆ ಇದು ಮಾತ್ರ ತಲೆಗೆ ಹತ್ತಲಿಲ್ಲ.

"ಅಷ್ಟೇ ಅಲ್ವ, ನಾನು ನಡುವಿನ ಮುರಕಲ್ಲಿನ ರಾಶಿಯ ಹತ್ತಿರ ನಿಲ್ತೇನೆ" ಎಂದರು ರೈಗಳು. "ಅಲ್ಲಿ ದಾರಿ ಎರಡಾಗುದು. ನಾನು ಕೂಗಿ ಹೇಳ್ತೇನೆ, ಹಾಗೆ ತಿರುಗಿಸಿ."

"ಕನ್ನಡದಲ್ಲಿ ಹೇಳಿ" ಎಂದು ಮಾಸ್ಟ್ರು ಪಾಠದ ಧ್ವನಿಯಲ್ಲಿ ನಿಷ್ಕರ್ಷೆ ಮಾಡಿದರು. "ನಿಮ್ಮ ಲೆಫ್ಟು ರೈಟು ನನಗೆ ಗಡಿಬಿಡಿಯಲ್ಲಿ ಅದಲು ಬದಲು ಆಗ್ತದೆ. ಎಡ ಅಂದ್ರೆ ಎಡ, ಬಲ ಅಂದ್ರೆ ಬಲ. ಬೇರೆ ಒಂದು ಅಕ್ಷರ ಬೇಡ."

"ಆಯ್ತು ಮಾರಾಯ್ರೆ. ಎಡ, ಬಲ."

ಮಾಸ್ಟ್ರಿಗಿಂತ ಮೊದಲು ಬಿಟ್ಟ ನುಸೈಬಾ ಒಂದು ನಿಮಿಷ ಹನ್ನೊಂದು ಸೆಕೆಂಡಿನಲ್ಲಿ ಮುಗಿಸಿದಳು. ಆಕೆಯೂ ಅವರ ವಿದ್ಯಾರ್ಥಿನಿಯೇ, ಸಂಧಿ ಸಮಾಸ ಒಂದೂ ಬಾರದವಳು. ಶಾಮಿಯಾನದ ಕೆಳಗೆ ಮೋಹಿನಿಯಕ್ಕನ ಪಕ್ಕದಲ್ಲಿ ದಮಯಂತಿ ಚರುಮುರಿಯ ಪೊಟ್ಟಣ ಹಿಡಿದು ಕುಳಿತಿದ್ದರು. ಮಾಸ್ಟ್ರು ಅತ್ತ ಕೈ ಬೀಸಿದರು. ಹೆಲ್ಮೆಟ್ಟಿನೊಳಗೆ ಯಾರೆಂದು ಗುರುತು ಸಿಗದೆ ದಮಯಂತಿ ಪಕ್ಕಕ್ಕೆ ಮುಖ ತಿರುಗಿಸಿದರು.

ಬಾವುಟ ಬಿತ್ತು. ಮಾಸ್ಟ್ರು ಒಂದನೇ ಗೇರಿನಲ್ಲಿ ಹೊರಟರು.

ಹೊರಟರು ಎಂದು ನಾನು ಬರೆಯುತ್ತಿದ್ದೇನೆ, ನೋಡಿದವರಿಗೆ ಹಾಗೆ ಕಾಣಲಿಲ್ಲ. ಮೈಕಿನಲ್ಲಿ ರಕ್ಷಿತನ ಸ್ವರ ಇಡೀ ಗುಡ್ಡಕ್ಕೆ ಕೇಳಿತು. "ಮಹನೀಯರೇ, ನಮ್ಮ ಪ್ರೀತಿಯ ಜತ್ತಪ್ಪ ಸರ್ ಟ್ರ್ಯಾಕಿನಲ್ಲಿದ್ದಾರೆ. ಒಂದೊಂದೇ ಕೋನಿನ ಹಾಜರಿ ಕರೆಯುತ್ತ ಹೋಗ್ತಾ ಇದ್ದಾರೆ!"

ಜನ ಹೋ ಎಂದು ನಕ್ಕರು. ಶಾಮಿಯಾನದಲ್ಲಿಯೂ ನಕ್ಕರು. ಹೆಲ್ಮೆಟ್ಟು ದಾಟಿ ಆ ನಗೆಯೊಂದು ಮಾಸ್ಟ್ರಿಗೆ ಚೆನ್ನಾಗಿ ಕೇಳಿಸಿತು. ಹತ್ತನೇ ಕ್ಲಾಸಿನಲ್ಲಿ 'ಹಾಜರಿ'ಗೆ 'ಹಾಜಿರಿ' ಎಂದು ಬರೆಯುತ್ತಿದ್ದ ಹುಡುಗ ಮೈಕು ಹಿಡಿದು ತನ್ನನ್ನು ಆಡಿಕೊಳ್ಳುವುದೇ? ಮಾಸ್ಟ್ರು ಹಲ್ಲು ಕಚ್ಚಿ ಕಾಲು ಒತ್ತಿದರು.

ಅಶ್ವಿತನ ಶೂ ಒಮ್ಮೆ ಕೆಳಗೆ ಹೋದದ್ದು ಮತ್ತೆ ಮೇಲೆ ಬರಲಿಲ್ಲ. ಮುಂದಿನ ಬನಿಯನು ತುಂಬಿದ ಭಾಗ ಎಲ್ಲಿಯೋ ಸಿಕ್ಕಿಕೊಂಡಿತು. ಇಂಜಿನು ಅರಚಿತು. ಗೇರು ಎರಡಕ್ಕೆ ಹೋಯಿತು, ಮೂರಕ್ಕೂ ಹೋಯಿತು. ಮೂರು ತಿಂಗಳಿನಲ್ಲಿ ಕಾರೇ ನೋಡದಿದ್ದ ಮೂರನೇ ಗೇರು ಅದು. ಹಿಂದೆ ಕೆಂಪು ಧೂಳೆದ್ದಿತು, ನಗುತ್ತಿದ್ದವರೆಲ್ಲ ಎದ್ದು ನಿಂತರು. ಎದುರಿಗೆ ಮುರಕಲ್ಲಿನ ರಾಶಿ ಓಡೋಡಿ ಬರುತ್ತಿತ್ತು. ಅದರ ಎಡಬದಿಯಲ್ಲಿ ರೈಗಳು ಲುಂಗಿ ಎತ್ತಿ ಕಟ್ಟಿ, ಎರಡೂ ಕೈ ಆಡಿಸುತ್ತ ಕುಣಿಯುತ್ತಿದ್ದರು.

"ಬಲ! ಬಲ ಬಲ ಬಲ!"

ಮಾಸ್ಟ್ರು ಬಲಕ್ಕೆ ತಿರುಗಿಸಿದರು.

ಟೇಪು ಹರಿದು ಬಾನೆಟ್ಟಿಗೆ ಸುತ್ತಿಕೊಂಡಿತು. ಸೋಡಾ ಮಾರುವವನು ಬಾಟಲಿಗಳ ಟ್ರೇ ಎತ್ತಿಕೊಂಡೇ ಓಡಿದ. ಶಾಮಿಯಾನದ ಎದುರಿನ ಸಾಲಿನಲ್ಲಿದ್ದವರು ಹಿಂದಿನ ಸಾಲಿನವರ ಮಡಿಲಿಗೆ ಬಿದ್ದರು. ದಮಯಂತಿ ಕುರ್ಚಿಯ ಮೇಲೆ ಹತ್ತಿ ನಿಂತರು. ಅವರಿಂದ ಒಂದು ಮಾರು ದೂರದಲ್ಲಿ ಬಿಳಿ ಕಾರು ಗುಂಡಿನಂತೆ ದಾಟಿಹೋಯಿತು. ಅಲ್ಲಿಂದ ನೇರ ಎದುರಿಗಿದ್ದದ್ದು ಮುಕ್ತಾಯದ ಗೆರೆ. ಮಾಸ್ಟ್ರು ಅದನ್ನೂ ದಾಟಿ, ಧೂಳಿಗೆ ನೀರು ಹಾಕಲು ತಂದ ಟ್ಯಾಂಕರಿನ ಬುಡದ ಕೆಸರಿನಲ್ಲಿ ಹೂತು ನಿಂತರು.

ಮೂವತ್ತೆಂಟು ಸೆಕೆಂಡು!

ಮಾಸ್ಟ್ರು ಹೆಲ್ಮೆಟ್ಟು ತೆಗೆದು ಎದೆ ಸೆಟೆಸಿ ಇಳಿದರು. ಅವರಿಗೆ ಲೆಕ್ಕ ಸಿಕ್ಕಿದ್ದು ಸೆಕೆಂಡಿನದು ಮಾತ್ರ. ರಕ್ಷಿತ್ ಓಡಿ ಬಂದ.

"ಸರ್, ಏನೂ ಆಗ್ಲಿಲ್ಲ ಅಲ್ವ? ಆದ್ರೆ ಸರ್, ಇದು ರದ್ದು. ನೀವು ಅರ್ಧ ಟ್ರ್ಯಾಕ್ ಬಿಟ್ಟಿದ್ದೀರಿ."

"ರದ್ದಾ? ನಿನ್ನ ಉತ್ತರಪತ್ರಿಕೆಯಲ್ಲಿ ಅರ್ಧ ಉತ್ತರಕ್ಕೂ ನಾನು ಅಂಕ ಕೊಟ್ಟಿದ್ದೇನೆ, ಗೊತ್ತುಂಟಾ? ಹೇಳಿದ ಹಾಗೆ ತಿರುಗಿಸಿದ್ದೇನೆ ನಾನು. ಕರೆ ಆ ರೈಗಳನ್ನು!"

ಕರೆಯಬೇಕಾಗಿರಲಿಲ್ಲ. ರೈಗಳು ಆಗಲೇ ಏದುಸಿರು ಬಿಡುತ್ತ ಬಂದಿದ್ದರು.

"ಮಾಸ್ಟ್ರೆ, ಎಡಕ್ಕೆ ಬರ್ಲಿಕ್ಕೆ ಉಂಟಲ್ಲ, ನೀವೆಂತ ಆ ಕಡೆ ಹೋದದ್ದು?"

"ಬಲ ಅಂತ ಹೇಳಿದ್ದು ಯಾರು?"

"ನಾನೇ. ಬಲ ಅಂತ ಕರೆದೆ. ನಾನು ಎಡಬದಿಯಲ್ಲಿ ನಿಂತು ಬಲ ಬಲ ಅಂತ ಕರೆದ್ರೆ ನನ್ನ ಕಡೆ ಬರ್ಬೇಕಲ್ವ?"

ಮಾಸ್ಟ್ರಿಗೆ ಆಗ ಹೊಳೆಯಿತು. ತುಳುವಿನಲ್ಲಿ ಬಲ ಎಂದರೆ ಬಾ. ಹುಟ್ಟಿದಂದಿನಿಂದ ಕೇಳಿದ ಮಾತು. ಮೂವತ್ತು ವರ್ಷ ಲಾರಿಯ ಹಿಂದೆ ಮುಂದೆ ನಿಂತು 'ಬಲ ಬಲ' ಎಂದು ಕರೆದ ಬಾಯಿ ಗಡಿಬಿಡಿಯಲ್ಲಿ ಅದನ್ನೇ ಕೂಗಿತ್ತು.

"ಕನ್ನಡದಲ್ಲಿ ಹೇಳಿ ಅಂತ ನಿಮಗೆ ಮೊದಲೇ ಹೇಳಿದ್ದೇನೋ ಇಲ್ವೋ? ಮೂವತ್ತು ವರ್ಷ ಕನ್ನಡ ಕಲಿಸಿದವ ನಾನು. ಬಲ ಅಂದ್ರೆ ಬಲಗಡೆ! ಅಲ್ಲ, ತುಳುವೇ ಆಗ್ಲಿ. ನನ್ನನ್ನು ಬಲ ಅಂತ ಏಕವಚನದಲ್ಲಿ ಕರೆಯುದಾ? ಬಲೆ ಅಂತ ಮರ್ಯಾದೆಯಲ್ಲಿ ಕರೆದಿದ್ರೆ ನನಗೆ ತಕ್ಷಣ ತಿಳೀತಿತ್ತು!"

"ಅಯ್ಯೋ ಮಾರಾಯ್ರೆ, ನಿಮ್ಮನ್ನು ಯಾರು ಕರೆದದ್ದು? ನಾನು ಕರೆದದ್ದು ಕಾರನ್ನು! ಕಾರಿಗೆ ಯಾರಾದ್ರೂ ಬಹುವಚನ ಹಾಕ್ತಾರಾ?"

ಸುತ್ತ ಜನ ಸೇರಿದರು. ಕಾರಿಗೆ ಏಕವಚನವೋ ಬಹುವಚನವೋ, ಒಳಗೆ ಮಾಸ್ಟ್ರು ಕುಳಿತಿದ್ದರೆ ಯಾವುದು ಎಂದು ಎರಡು ಪಕ್ಷವಾಯಿತು. ನುಸೈಬಾ ಬಹುಮಾನ ತೆಗೆದುಕೊಂಡು ಹೋದದ್ದನ್ನು ಯಾರೂ ನೋಡಲಿಲ್ಲ. ಮಾಸ್ಟ್ರಂತೂ ಅತ್ತ ತಿರುಗಲೇ ಇಲ್ಲ. ಹಾಳಾಗಿ ಹೋಗಲಿ ಬಹುಮಾನ, ಅವರು ಬಂದದ್ದು ಅದಕ್ಕಲ್ಲ. ಕೆಸರಿನ ಶೂ ಎಳೆದುಕೊಂಡು ನೇರ ಶಾಮಿಯಾನಕ್ಕೆ ನಡೆದರು. ದಮಯಂತಿ ಆಗಷ್ಟೇ ಕುರ್ಚಿಯಿಂದ ಇಳಿದಿದ್ದರು, ಸೀರೆಯಲ್ಲಿ ಚರುಮುರಿ ಇತ್ತು.

"ನೋಡಿದ್ಯಲ್ಲ? ಜೋರು ಬಿಡ್ಲಿಕ್ಕೆ ಬರುದಿಲ್ಲ ಅಂತ ಹೇಳ್ತಿದ್ದಿ. ಈಗೆಂತ ಹೇಳ್ತೀ? ನಾಳೆ ಒಕ್ಲಿಗೆ ನನ್ನ ಕಾರಲ್ಲಿ ಕೂರ್ತೀಯೋ ಇಲ್ವೋ?"

ದಮಯಂತಿ ಸೀರೆಯ ಚರುಮುರಿ ಕೊಡವಿದರು.

"ಇವತ್ತು ಬೆಳಿಗ್ಗೆ ನೀವು ಆ ಎಡಗಡೆಯ ಸೀಟು ಒರೆಸುದನ್ನು ಕಿಟಕಿಯಿಂದ ನೋಡಿದೆ. ಮೂರು ಸಲ ಒರೆಸಿದ್ರಿ. ಪಾಪ ಅಂತ ಕಂಡಿತು. ರೇಸಿನಲ್ಲಿ ಕಡೆಗೇ ಬರ್ಲಿ, ನಾಳೆ ಇವರೊಟ್ಟಿಗೇ ಹೋಗುದು ಅಂತ ನಿಶ್ಚಯ ಮಾಡಿದ್ದೆ. ಮೋಹಿನಿಯಕ್ಕನಿಗೆ ನನ್ನ ಸೀಟು ಬೇಡ ಅಂತ ಹೇಳಿಯೂ ಆಗಿತ್ತು."

ಮಾಸ್ಟ್ರ ಮುಖ ಅರಳಿತು. "ಮತ್ತೆ ಇನ್ನೆಂತ?"

"ಮತ್ತೆ ನೀವು ಬಿಟ್ಟದ್ದನ್ನು ನೋಡಿದೆನಲ್ಲ! ಮೊದಲು ನಿಮ್ಮ ಕಾರಲ್ಲಿ ಕೂರ್ಲಿಕ್ಕೆ ನಾಚಿಕೆ ಆಗ್ತಿತ್ತು. ನಾಚಿಕೆಯಾದ್ರೆ ಸೆರಗು ಮುಚ್ಚಿಯಾದ್ರೂ ಕೂರ್ಬಹುದು. ಈಗ ಹೆದರಿಕೆ ಆಗ್ತದೆ. ನನಗೆ ತಂಗಿಯ ಮನೆ ನೋಡ್ಬೇಕು ಅಂತ ಉಂಟು." ಅವರು ಪಕ್ಕಕ್ಕೆ ತಿರುಗಿದರು. "ಮೋಹಿನಿಯಕ್ಕಾ, ಆ ಸೀಟು ನನಗೇ ಇಡಿ."

ಮೋಹಿನಿಯಕ್ಕ ಪೇಚಿಗೆ ಬಿದ್ದರು. "ನೀವು ಬೇಡ ಅಂದ್ರಿ ಅಂತ ಅದಕ್ಕೆ ನನ್ನ ಅಕ್ಕನನ್ನು ಕರೆದಾಯ್ತು ದಮಯಂತಿ. ಅಶ್ವಿತ್ ಬಿಡುದು, ಮತ್ತೆ ನಾನು, ಅಕ್ಕ, ಅತ್ತೆ, ಇವರು. ಐದು ಜನ." ಒಂದು ಗಳಿಗೆ ಯೋಚಿಸಿ, ಮಾಸ್ಟ್ರ ಹಿಂದೆಯೇ ಬಂದು ನಿಂತಿದ್ದ ಗಂಡನ ಕಡೆ ನೋಡಿದರು. "ಅಡ್ಡಿಲ್ಲ, ಒಂದು ಜನ ಇಳಿದ್ರೆ ಆಯ್ತಲ್ಲ."

"ನನಗೇನೂ ಹೆದರಿಕೆ ಇಲ್ಲಪ್ಪ" ಎಂದರು ದೇವದಾಸ ರೈಗಳು. ಮಾಸ್ಟ್ರ ಹೆಗಲ ಮೇಲೆ ಕೈ ಹಾಕಿದರು. "ನಾಳೆ ಏಳು ಗಂಟೆಗೆ ರೆಡಿ ಇರ್ತೇನೆ ಮಾಸ್ಟ್ರೆ. ಮುಂದಿನ ಸೀಟು ನನಗೇ, ಹಿಂದೆ ಕೂತ್ರೆ ನನಗೆ ವಾಂತಿ ಬರ್ತದೆ."

ಮಾಸ್ಟ್ರಿಗೆ ಹೇಳಲು ಬೇಕಾದಷ್ಟಿತ್ತು, ಏಕವಚನದಲ್ಲಿಯೇ ಇತ್ತು. ಆದರೆ ಕಾರು ಇನ್ನೂ ಕೆಸರಿನಲ್ಲಿ ಕೂತಿತ್ತು, ಜನರೆಲ್ಲ ಮನೆಯ ಕಡೆ ಹೊರಟಾಗಿತ್ತು. ದೂಡುವುದಕ್ಕೆ ಉಳಿದವರು ರೈಗಳೊಬ್ಬರೇ.