ಎಂಟೂವರೆಯ ರೈಲು ಮತ್ತು ನನ್ನ ಬಲಗಾಲು

ಕಾಲು ನೋಯುವವರೆಗೆ ಮನುಷ್ಯನಿಗೆ ಅದು ಇದೆಯೆಂಬ ನೆನಪೇ ಇರುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಬಲಗಾಲು ಇದೆಯೋ ಇಲ್ಲವೋ ಎಂದು ತಿಳಿಯದಂತಾದ ಮೇಲೆಯೇ ನಾನು ಅದನ್ನು ನೆನೆಯತೊಡಗಿದ್ದು. ಆಗ ಯುದ್ಧದ ಕಾಲ. ನಾನು ಮಂಡ್ಯದ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಮನೆ ಮದ್ದೂರಿನ ಹೊಳೆಯಾಚೆ ಒಂದು ಹಳ್ಳಿಯಲ್ಲಿ. ಸ್ಟೇಷನ್ನಿಗೆ ಒಂದೂವರೆ ಮೈಲಿ. ರೈಲು ಎಂಟೂವರೆಗೆ. ಅಮ್ಮ ಏಳಕ್ಕೆಲ್ಲ ಅಡಿಗೆ ಮುಗಿಸಿ ಕಾಯುತ್ತಿದ್ದಳು. ಆದರೆ ದೇವರ ಪೂಜೆ ನನ್ನ ಪಾಲಿನದು, ಅದು ಮುಗಿದು ನೈವೇದ್ಯವಾಗದೆ ಎಲೆ ಹಾಕುವಂತಿಲ್ಲ. ಉಂಡು, ಕೈತೊಳೆದು, ಪೇಟ ಸುತ್ತಿಕೊಳ್ಳುವಾಗ ಎಂಟೂ ಹತ್ತು. ಆಮೇಲೆ ಓಟವೇ ಗತಿ. ಸ್ವಲ್ಪ ಬೇಗ ಏಳಬಾರದಾಗಿತ್ತೇ ಎಂದು ನೀವು ಕೇಳಬಹುದು. ಕೇಳದಿದ್ದರೆ ಉಪಕಾರವಾಗುತ್ತದೆ.

ನಮ್ಮ ಸಾಹೇಬರಿಗೆ ಚಪ್ಪಲಿಯ ಪಟಪಟ ಸದ್ದು ಆಗದು. ಹಂಗಾಮಿಯವರೂ ಬೂಟು ಹಾಕಬೇಕೆಂದು ಅಪ್ಪಣೆಯಾಗಿತ್ತು. ಬೂಟೆಂದರೆ ಚರ್ಮ. ಅಮ್ಮನ ಕಾನೂನಿನಲ್ಲಿ, ಚರ್ಮಕ್ಕೆ ಕಾಲು ತಗುಲಿದರೆ ಒಂದು ಚೊಂಬು ನೀರು ಸಾಕು. ಕೈ ತಗುಲಿದರೆ ಮಾತ್ರ ಬಾವಿಕಟ್ಟೆಯಲ್ಲಿ ತಲೆಯ ಮೇಲೆ ಎರಡು ಕೊಡ ಸುರಿದುಕೊಂಡೇ ಹೊಸ್ತಿಲು ದಾಟಬೇಕು. ನಾನೊಂದು ಯುಕ್ತಿ ಹೂಡಿದೆ. ಬೂಟು ಕೊಂಡ ದಿನವೇ ಅಂಗಡಿಯವನಿಗೆ, "ಓಡಿದರೂ ಕಳಚಬಾರದು, ಹಾಗೆ ಕಟ್ಟಿಬಿಡಪ್ಪ" ಎಂದೆ. ಅವನು ಹಲ್ಲು ಕಚ್ಚಿ ದಾರ ಬಿಗಿದ, ಬಲಗಾಲಿನದನ್ನಂತೂ ಇನ್ನಷ್ಟು. ಆ ಗಂಟನ್ನು ಏಳು ತಿಂಗಳು ಬಿಚ್ಚಲಿಲ್ಲ. ಬೆಳಿಗ್ಗೆ ಜಗಲಿಯ ಕಂಬ ಹಿಡಿದು, ಕೊಡೆಯ ಹಿಡಿಯನ್ನು ಹಿಮ್ಮಡಿಗೆ ಕೊಟ್ಟು ಕಾಲು ತುರುಕುವುದು, ಸಂಜೆ ಮೆಟ್ಟಿಲ ಅಂಚಿಗೆ ಒತ್ತಿ ಕೀಳುವುದು. ಕೈಗೆ ಮೈಲಿಗೆಯಿಲ್ಲ, ಕಾಲಿಗೆ ಬೂಟುಂಟು. ನನ್ನ ಬುದ್ಧಿಗೆ ನಾನೇ ತಲೆದೂಗಿದ್ದೆ.

ಕೆಲವು ತಿಂಗಳು ಕಳೆದವು, ಮಳೆಯಲ್ಲಿ ನೆನೆದ ಬೂಟು ಒಣಗಿ ಬಿರುಸಾಯಿತು. ಓಟ ಶುರುವಾಗಿ ಅರ್ಧ ಮೈಲಿಯಾಗುವಷ್ಟರಲ್ಲಿ ಬಲಗಾಲಿನ ಬೆರಳುಗಳಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಶಿಂಷಾ ಸೇತುವೆ ಬರುವ ಹೊತ್ತಿಗೆ ಜೋಮು ಹಿಡಿದು ಪಾದವೇ ಇಲ್ಲ. ಅದು ನೆಲ ಮುಟ್ಟಿತೇ ಎಂದು ಬಗ್ಗಿ ನೋಡಿ ತಿಳಿಯಬೇಕು. ನಿಂತು ಝಾಡಿಸಿದರೆ ಜೀವ ಬರುತ್ತಿತ್ತು, ಅಷ್ಟರಲ್ಲಿ ರೈಲು ಹೋಗಿರುತ್ತಿತ್ತು. ಹೀಗೆ ಎರಡು ಸಲ ತಪ್ಪಿದ ಮೇಲೆ ಸಾಹೇಬರು ಕರೆದರು. "ನಿಮ್ಮನ್ನು ಖಾಯಂ ಮಾಡುವ ಕಾಗದ ತಿಂಗಳ ಕೊನೆಗೆ ಹೋಗುತ್ತದೆ. ಅಷ್ಟರೊಳಗೆ ಇನ್ನೊಂದು ದಿನ ತಡವಾದರೆ ಕಾಗದ ಹೋಗುವುದಿಲ್ಲ, ನೀವು ಹೋಗುತ್ತೀರಿ" ಎಂದರು. ನನಗೆ ನಿಜವಾಗಿಯೂ ಭಯವಾಯಿತು. ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಆ ಒಂದು ಕೆಲಸದಿಂದ.

ಚಿಕಿತ್ಸೆಗೇನೂ ಕಡಮೆಯಾಗಲಿಲ್ಲ. ಅಮ್ಮ ದಿನಾ ಸಂಜೆ ಹರಳೆಣ್ಣೆ ಕಾಯಿಸಿ ತಿಕ್ಕಿದಳು. ಮಳವಳ್ಳಿಯ ಪಂಡಿತರು ನಾಡಿ ಹಿಡಿದು, ಇದು ವಾಯು ಎಂದು ಹೇಳಿ ಅವರೆಕಾಳು ತಿನ್ನುವುದನ್ನು ಬಿಡಿಸಿದರು. ಅದೂ ಸೊಗಡವರೆಯ ಕಾಲದಲ್ಲಿ. ಮುತ್ತತ್ತಿಯ ಆಂಜನೇಯನಿಗೂ ಹರಕೆ ಹೊತ್ತಾಯಿತು. ಸಮುದ್ರ ಹಾರಿದವನಿಗೆ ನನ್ನನ್ನು ಒಂದು ಸೇತುವೆ ದಾಟಿಸುವುದು ಏನು ಮಹಾ ಎಂದು ನಾನಂದುಕೊಂಡೆ. ಜೋಮು ಮಾತ್ರ ಸೇತುವೆಯ ಮೇಲೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನನ್ನಂತೆ ತಡಮಾಡುವ ಅಭ್ಯಾಸ ಅದಕ್ಕಿರಲಿಲ್ಲ.

ಜೋಮು ಹಿಡಿದ ಪಾದವನ್ನು ಎಳೆದುಕೊಂಡೇ ದಿನಾ ಹೇಗೋ ರೈಲು ಹಿಡಿದೆ. ತಿಂಗಳ ಕೊನೆಗೆ ಒಂದೇ ದಿನ ಉಳಿದಿತ್ತು. ಸಂಜೆ ಜಗಲಿಯಲ್ಲಿ ಕಾಲು ನೀವಿಕೊಳ್ಳುತ್ತ ಕೂತಿದ್ದೆ. ಕಬ್ಬಿನ ಗಾಡಿ ಹೊಡೆಯುವ ನಮ್ಮೂರ ಚಿಕ್ಕಣ್ಣ ಗಾಡಿ ನಿಲ್ಲಿಸಿ ವಿಚಾರಿಸಿದ. ಎಲ್ಲ ಹೇಳಿದೆ. ಅವನು ಮೆಟ್ಟಿಲ ಮೇಲಿದ್ದ ಬೂಟನ್ನು ನೋಡಿದ.

"ಎತ್ತಿನ ಕಾಲ್ಗೆ ಅಗ್ಗ ಬಿಗ್ದು ಕಟ್ಟುದ್ರೆ ಅದ್ಕೂ ಇಂಗೇ ಜೋಮು ಇಡಿತದೆ ಐನೋರೇ. ನಾವು ಎಣ್ಣೆ ತಿಕ್ಕಾಕಿಲ್ಲ, ಅಗ್ಗ ಸಡ್ಲ ಮಾಡ್ತೀವಿ. ಆ ಗಂಟು ಬಿಚ್ಚಿ ನೋಡಿ" ಎಂದ.

ಇಂಟರ್‌ಮೀಡಿಯೆಟ್ ಓದಿದವನ ಕಾಲಿಗೆ ಎತ್ತಿನ ವೈದ್ಯವೇ ಎಂದು ನನಗೆ ಸಿಟ್ಟು ಬಂತು. "ಬಿಚ್ಚಬೇಕಾದರೆ ಚರ್ಮ ಮುಟ್ಟಬೇಕಲ್ಲಪ್ಪ" ಎಂದೆ.

"ಅಂಗಾರೆ ಕೆಲ್ಸ ಬುಡಿ, ಗಂಟು ಇಟ್ಕಳಿ" ಎಂದು ಅವನು ಗಾಡಿ ಹೊಡೆದ.

ಒಳಗಿದ್ದ ಅಮ್ಮನಿಗೆ ಎಲ್ಲ ಕೇಳಿಸಿತ್ತು. ಅಂದು ಸಂಜೆ ಎಣ್ಣೆಯ ಬಟ್ಟಲು ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಎಂಟೂ ಹತ್ತಕ್ಕೆ ಜಗಲಿಗೆ ಬಂದವನು ಅಲ್ಲೇ ನಿಂತೆ. ಅಮ್ಮ ಮಡಿ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತು, ಬಲಗಾಲಿನ ಬೂಟನ್ನು ಎಡಗೈಯಲ್ಲಿ ಅಮುಕಿ ಹಿಡಿದು, ದಬ್ಬಳದ ಮೊನೆಯಿಂದ ಆ ಗಂಟನ್ನು ಮೀಟುತ್ತಿದ್ದಳು. ಬೀದಿಯಲ್ಲಿ ಚಪ್ಪಲಿ ಕಂಡರೆ ಸೀರೆ ಎತ್ತಿ ಹಿಡಿದು ಸುತ್ತಿ ಹೋಗುವವಳು.

"ಅಮ್ಮ, ಚರ್ಮ" ಎಂದೆ.

"ಗೊತ್ತು ಕಣೋ. ಬಾವೀಲಿ ನೀರಿದೆ, ಎರಡು ಕೊಡ ಹುಯ್ಕೊಂಡರೆ ನನ್ನ ಮಡಿ ವಾಪಸು ಬರುತ್ತೆ. ರೈಲು ಹೋದರೆ ಬರುತ್ತಾ? ಕಾಲು ಕೊಡು."

ಕಾಲು ಕೊಟ್ಟೆ. ಬೂಟಿನ ಗಂಟು ಅವಳಿಗೆ ಬರದು. ಹೂವಿನ ದಂಡೆಗೆ ಹಾಕುವ ಗಂಟನ್ನೇ ಸಡಿಲವಾಗಿ ಹಾಕಿದಳು. ಏನಾದರೂ ಹೇಳೋಣವೆಂದರೆ "ಹೊತ್ತಾಯ್ತು, ಹೊರಡು" ಎಂದು ಬಾವಿಕಟ್ಟೆಯ ಕಡೆ ನಡೆದಳು.

ಓಡಿದೆ. ಸೇತುವೆ ಬಂತು. ಕಾಲು ಈಗ ಕಾಣೆಯಾಗುತ್ತದೆ, ಈಗ ಕಾಣೆಯಾಗುತ್ತದೆ ಎಂದು ಕಾದೆ. ಅದು ಜೊತೆಗೇ ಬಂತು. ದಾರಿಯ ಒಂದೊಂದು ಕಲ್ಲೂ ಪಾದಕ್ಕೆ ಚುಚ್ಚಿತು, ಅಂಥ ಸುಖ ನಾನು ಕಂಡಿರಲಿಲ್ಲ. ಸ್ಟೇಷನ್ನಿನಲ್ಲಿ ರೈಲು ಇನ್ನೂ ನಿಂತಿತ್ತು. ಕಾಗದ ಹೋಯಿತು. ನಾನು ಖಾಯಮಾದೆ.

ಈಗ ದಾರವನ್ನು ನಾನೇ ಕಟ್ಟುತ್ತೇನೆ. ಅಮ್ಮನ ಕಾನೂನಿಗೂ ತಿದ್ದುಪಡಿಯಾಗಿ, ಕೈಗೂ ಒಂದು ಚೊಂಬು ನೀರು ಸಾಕೆಂದಾಗಿದೆ. ಮೊನ್ನೆ ಸೇತುವೆಯ ಹತ್ತಿರ ಚಿಕ್ಕಣ್ಣ ಗಾಡಿಯ ಮೇಲಿಂದಲೇ, "ಕಾಲು ಎಂಗದೆ ಐನೋರೇ?" ಎಂದು ಕೇಳಿದ.

"ನಿನ್ನ ವೈದ್ಯದಿಂದ ಐದು ನಿಮಿಷ ಬೇಗ ಓಡುತ್ತೇನಪ್ಪ" ಎಂದೆ, ಓಡುತ್ತಲೇ.

"ಅಂಗಾರೆ ಐದು ನಿಮಿಸ ಮುಂಚೆ ಟೇಸನ್ನು ಸೇರ್ಕತೀರಿ."

"ಇಲ್ಲ, ಮನೆಯಿಂದ ಐದು ನಿಮಿಷ ತಡವಾಗಿ ಹೊರಡುತ್ತೇನೆ. ಇದಕ್ಕೂ ನಿನ್ನಲ್ಲಿ ಮದ್ದಿದೆಯೇ?"

ಚಿಕ್ಕಣ್ಣ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ತನ್ನ ಕೈಯಲ್ಲಿದ್ದ ಬಾರುಕೋಲನ್ನು ನೋಡಿದ. ನಾನು ಇನ್ನಷ್ಟು ಜೋರಾಗಿ ಓಡಿದೆ.