ಯಾವ ಜನದ ಸೆಲ್ಲು?

ಮನೆಗೊಂದು ಕಾಯಿಲೆ ಬಂದ್ರೆ ಸಾಕು, ಅದರ ಬಾಲ ಹಿಡ್ಕೊಂಡು ನಗೋ ಪ್ರಸಂಗಗಳೂ ಬರ್ತವೆ. ನಂದು ರುಮಟಾಯ್ಡ್ ಸಂಧಿವಾತ, ಎಂಟು ವರ್ಷದ್ದು. ಹಿರಿಯೂರಲ್ಲಿ ಬ್ಲೌಸ್ ಹೊಲಿಯೋಳು ನಾನು. ಬೆರಳು ಊದಿ ಗಂಟುಗಂಟಾಗಿ, ಸೂಜಿಗೆ ದಾರ ಪೋಣಿಸೋಕೂ ಪಕ್ಕದ ಮನೆಯೋರನ್ನ ಕರೆಯೋ ಹಂಗಾಗಿತ್ತು. ಮಾತ್ರೆ ಆಯ್ತು, ಇಂಜೆಕ್ಷನ್ ಆಯ್ತು, ಮಷಿನ್ ಮಾರಿಬಿಡೋದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ, ಯಾವ ಔಷಧಿಗೂ ಬಗ್ಗದೋರಿಗೆ ಸ್ಟೆಮ್ ಸೆಲ್ ಕೊಟ್ಟು ನೋಡ್ತಾರೆ ಅಂತ ಗೊತ್ತಾಯ್ತು. ಯಾವುದಕ್ಕೂ ಬಗ್ಗದೋಳು ಅಂತ ನಮ್ಮತ್ತೆ ನನ್ನ ಮದುವೆ ಆದಾಗಿಂದ ಹೇಳ್ತಾನೇ ಇದ್ರು. ಅರ್ಹತೆಗೇನೂ ಕೊರತೆ ಇರಲಿಲ್ಲ.

ನಾದಿನಿ ವೈದ್ಯ

ಸುದ್ದಿ ಕೇಳಿದ್ದೇ ತಡ, ಹೊಳಲ್ಕೆರೆಯಿಂದ ನಾದಿನಿ ಫೋನು. "ಅತ್ತಿಗೆ, ಪ್ರಯೋಗ ಗೀಯೋಗ ಬ್ಯಾಡ. ನಮ್ಮ ಎದುರು ಮನೆಯೋರು ಎಕ್ಕದ ಎಲೆ ಬಿಸಿ ಮಾಡಿ ಕಟ್ಕೊಂಡ್ರು. ಮೂರೇ ದಿನಕ್ಕೆ ವಾಸಿ!"

"ಈಗ ಹೆಂಗಿದಾರೆ?"

"ಚೆನ್ನಾಗವ್ರೆ. ಮೊನ್ನೆ ದಾವಣಗೆರೆಗೆ ಹೋಗಿ ಎರಡೂ ಮಂಡಿ ಬದಲಾಯಿಸ್ಕೊಂಡು ಬಂದ್ರು."

ಸಹಿ

ಡಾಕ್ಟ್ರು ನಿಧಾನವಾಗಿ ಬಿಡಿಸಿ ಹೇಳಿದ್ರು. ಅರ್ಧ ಜನಕ್ಕೆ ಸೆಲ್ಲು, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಆರು ತಿಂಗಳು ಯಾರಿಗೂ ಗೊತ್ತಾಗಬಾರದು.

"ನಿಮಗೂ ಗೊತ್ತಿರಲ್ವಾ ಸಾರ್?" ಅಂದ್ರು ನಮ್ಮನೆಯವರು. ಅವರು ಸರ್ಕಾರಿ ಗುಮಾಸ್ತರು.

"ನನಗೂ ಗೊತ್ತಿರಲ್ಲ."

"ನಮ್ಮ ಆಫೀಸ್‌ನಾಗೂ ಹಿಂಗೇ ಸಾರ್. ಯಾವ ಫೈಲು ಎಲ್ಲೈತೆ ಅಂತ ಯಾರಿಗೂ ಗೊತ್ತಿರಲ್ಲ. ಇದನ್ನ ವಿಜ್ಞಾನ ಅಂತಾರೆ ಅಂತ ಇವತ್ತೇ ತಿಳೀತು ನೋಡ್ರಿ."

ಆಮೇಲೆ ನರ್ಸು ಕಟ್ಟು ಕಾಗದ ತಂದು, ಪ್ರತಿ ಹಾಳೆಗೂ ಸಹಿ ಹಾಕಿ ಅಂದ್ಲು. "ಅಷ್ಟು ಸಹಿ ಹಾಕೋಕೆ ಈ ಬೆರಳು ಬಗ್ಗಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ತಾಯಿ?" ಅಂದೆ.

ಅತ್ತೆಯ ಟೇಪು

ಡ್ರಿಪ್ ಹಾಕಿದ ದಿನ ಅತ್ತೆಯೂ ಬಂದಿದ್ರು. ಹೆರಿಗೆ ಆದ ತಾಯಂದಿರು ದಾನ ಕೊಟ್ಟ ಹೊಕ್ಕಳುಬಳ್ಳಿಯಿಂದ ಈ ಸೆಲ್ಲು ತೆಗೀತಾರೆ ಅಂತ ನರ್ಸು ಹೇಳಿದ್ಲು, ಪಾಪ.

"ಯಾರದ್ದು ಹೊಕ್ಕಳುಬಳ್ಳಿ?"

"ಹೆಸರು ಹೇಳಂಗಿಲ್ಲ ಅಜ್ಜಿ."

"ಹೆಸರು ಕಟ್ಕೊಂಡು ಏನ್ ಮಾಡ್ಲಿ? ಯಾವ ಜನ ಅಂತ ಹೇಳು ಸಾಕು."

"ಸೆಲ್‌ಗೆ ಜನ ಗಿನ ಇರಲ್ಲಜ್ಜಿ."

"ಇರಲ್ದೆ ಎಲ್ಲಿಗೆ ಹೋಗ್ತೈತೆ?"

ಮನೆಗೆ ಬಂದೋರೇ ತೀರ್ಪು ಕೊಟ್ರು. ಯಾವ ಜಾತಿ ಸೆಲ್ಲು ಮೈ ಸೇರೈತೋ ಏನೋ ಅಂತ. ಗುಟ್ಟು ಒಡೆಯೋವರೆಗೂ ನಾನು ಒಲೆ ಹತ್ರ ಹೋಗಂಗಿಲ್ಲ, ನೀರಿನ ಕೊಡ ಮುಟ್ಟಂಗಿಲ್ಲ, ಪಾತ್ರೆ ಬಟ್ಟೆ ಯಾವುದಕ್ಕೂ ಕೈ ಹಚ್ಚಂಗಿಲ್ಲ. ನನಗೇ ಬೇರೆ ತಟ್ಟೆ, ಬೇರೆ ಲೋಟ. ಮೈಯೆಲ್ಲ ಉರಿದುಹೋಯ್ತು ನಂಗೆ. ಹೊಲಿಗೆ ಮಷಿನ್ ಮಾತ್ರ ಮುಟ್ಟಬಹುದಂತೆ, ಹೊಲಿದ ದುಡ್ಡಿಗೆ ಮೈಲಿಗೆ ಇಲ್ವಲ್ಲ! ಎದೆ, ಸೊಂಟ, ತೋಳು ಅಳೆಯೋ ಟೇಪು ನನ್ನ ಹತ್ರ ಐತೆ. ಜನ ಅಳೆಯೋ ಟೇಪು ನಮ್ಮತ್ತೆ ಹತ್ರ ಮಾತ್ರ.

ಅತ್ತೆಗೆ ಸೊಂಟನೋವು. ಹಂಗಾಗಿ ಮನೆಗೆಲಸವೆಲ್ಲ ನಮ್ಮನೆಯವರ ತಲೆ ಮೇಲೆ ಬಂತು. ಮೊದಲನೇ ದಿನ ಅವರು ತಿರುವಿದ ಮುದ್ದೆ ಮುರಿದು ನೋಡಿದೆ. ಅದರಲ್ಲಿದ್ದ ಗಂಟಿಗಿಂತ ನನ್ನ ಬೆರಳೇ ವಾಸಿ.

ಬಲಗಡೆ ಹೂ

ಆರು ತಿಂಗಳು ಕಾಯೋಕೆ ಅತ್ತೆ ಏನು ಡಾಕ್ಟ್ರಾ? ಹೊಸದುರ್ಗದ ಕಡೆ ಇರೋ ನಮ್ಮ ಮನೆದೇವರಿಗೆ ಹೋಗಿ ಹೂ ಕೇಳಿದ್ರು. ದೇವರ ಬಲಗಡೆಯಿಂದ ಹೂ ಬಿದ್ರೆ ಸೆಲ್ಲು, ಎಡಗಡೆಯಿಂದ ಬಿದ್ರೆ ಉಪ್ಪುನೀರು. ಹೂ ಬಲಗಡೆ ಬಿತ್ತು.

ಮುಂದಿನ ತಪಾಸಣೆಗೆ ನನ್ನ ಜೊತೆ ಬಂದು, "ಸ್ವಾಮಿ, ನಿಮ್ಮ ಗುಟ್ಟು ನಮ್ಮ ದೇವರು ಹೇಳ್ಬಿಟ್ಟೈತೆ. ಇವಳಿಗೆ ಕೊಟ್ಟಿರೋದು ಅಸಲಿದೇ" ಅಂದ್ರು. ಡಾಕ್ಟ್ರು ಗಾಬರಿ. "ಅಯ್ಯೋ ಅಜ್ಜಿ, ಹಂಗೆಲ್ಲ ತಿಳ್ಕೋಬಾರದು, ನಮ್ಮ ಪ್ರಯೋಗವೇ ಕೆಟ್ಟುಹೋಗುತ್ತೆ!"

ಪಕ್ಕದಲ್ಲಿ ಬರ್ಕೊಳ್ತಿದ್ದ ಚಿಕ್ಕ ಡಾಕ್ಟ್ರು ಫಾರಂ ಹಿಂದೆ ಮುಂದೆ ತಿರುಗಿಸಿ ಕೇಳಿದ್ರು: "ಸರ್, ದೇವರು ಹೇಳಿದ್ದನ್ನ ಯಾವ ಕಾಲಂನಲ್ಲಿ ಬರೀಲಿ?"

ಗುಟ್ಟು

ನಾಲ್ಕನೇ ತಿಂಗಳ ಒಂದು ಬೆಳಗ್ಗೆ ಸೂಜಿಗೆ ದಾರ ನಾನೇ ಪೋಣಿಸಿದೆ. ಮಷಿನ್ ಮುಂದೆ ಕೂತು ಗಳಗಳ ಅತ್ತುಬಿಟ್ಟೆ. ಊತ ಇಳಿದಿತ್ತು, ಬೆರಳು ಮಡಚ್ತಿತ್ತು.

ಆರು ತಿಂಗಳು ಮುಗಿದು, ಗುಟ್ಟು ಒಡೆಯೋ ದಿನ ನಾನೂ ನಮ್ಮನೆಯವರೂ ಚಿತ್ರದುರ್ಗಕ್ಕೆ ಹೋದ್ವಿ. ಡಾಕ್ಟ್ರು ಲಕೋಟೆ ಒಡೆದು ಎರಡೆರಡು ಸಲ ಓದಿದ್ರು.

"ನಿಮಗೆ ಹೋಗಿದ್ದು ಉಪ್ಪುನೀರಮ್ಮ. ಮತ್ತೆ ಇಷ್ಟು ಹೆಂಗೆ ಕಡಿಮೆ ಆಯ್ತು? ಮನೇಲಿ ಏನಾದ್ರೂ ಬದಲಾಯ್ತಾ?"

"ಆರು ತಿಂಗಳಿಂದ ಮುದ್ದೆ ತಿರುವಿಲ್ಲ ಸಾರ್, ಬಟ್ಟೆ ಹಿಂಡಿಲ್ಲ, ಪಾತ್ರೆ ತಿಕ್ಕಿಲ್ಲ."

ಡಾಕ್ಟ್ರು ನನ್ನ ಬೆರಳು ಒಂದೊಂದಾಗಿ ಮಡಚಿ ನೋಡಿದ್ರು. "ಇದಕ್ಕೇ ಅಂತ ನಾನು ಹೇಳಂಗಿಲ್ಲ. ಆದ್ರೆ ಕೈಗೆ ಕೊಟ್ಟಿರೋ ಈ ಬಿಡುವನ್ನ ಮಾತ್ರ ನಿಲ್ಲಿಸಬೇಡಿ" ಅಂದ್ರು.

ಬಸ್ಸಲ್ಲಿ ಕೂತು ಲೆಕ್ಕ ಹಾಕಿದೆ. ಉಪ್ಪುನೀರು ಅಂತ ಅತ್ತೆಗೆ ಗೊತ್ತಾದ್ರೆ ನನ್ನ ಮೈಲಿಗೆ ಹೋಯ್ತು, ನಾಳೆಯಿಂದ ಒಲೆ ನಂದೇ, ಇನ್ನೊಂದು ತಿಂಗಳಿಗೆ ಬೆರಳು ಮತ್ತೆ ಗಂಟು. ನಮ್ಮನೆಯವರು ಒಂದು ಮಾತಾಡಿದ್ರೆ ಸಾಕು, ಅವರಿಗೆ ಬಿಡುಗಡೆ.

ಅತ್ತೆ ಹೊಸ್ತಿಲಲ್ಲೇ ಕಾಯ್ತಿದ್ರು. "ಏನಂದ್ರು?"

ನಮ್ಮನೆಯವರು ಬಾಯಿ ತೆಗೆದ್ರು. ನಾನು ಅವರಿಗಿಂತ ಮುಂಚೆ ಅಂದೆ: "ಅಸಲಿದೇ ಅಂತೆ ಅತ್ತೆ. ಯಾವ ಜನದ್ದು ಅಂತ ಅವರಿಗೂ ಗೊತ್ತಿಲ್ವಂತೆ."

"ನಾನು ಹೇಳ್ಲಿಲ್ವಾ? ನಮ್ಮ ದೇವರು ಸುಳ್ಳು ಹೇಳ್ತೈತಾ!" ಅಂತ ಅತ್ತೆ ಅಲ್ಲಿಂದಲೇ ಕೈಮುಗಿದ್ರು. "ಎಷ್ಟು ದಿನ ಇರ್ತವಂತೆ ಅವು ಮೈಯಾಗೆ?"

"ಜೀವ ಇರೋತನಕ ಅತ್ತೆ."

ನಮ್ಮನೆಯವರು ನನ್ನ ಮುಖ ನೋಡಿದ್ರು, ಬೆರಳು ನೋಡಿದ್ರು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಒಳಗೆ ಹೋಗಿ ಮುದ್ದೆಗೆ ನೀರಿಟ್ರು. ಅಲ್ಲಿಂದಲೇ ಅತ್ತೆಗೂ ಕೇಳೋ ಹಂಗೆ ಕೂಗಿದ್ರು:

"ಲೇ, ಈ ನೀರಿಗೆ ಉಪ್ಪು ಹಾಕ್ಲೇನೇ?"