ಕಾಗದಪತ್ರ ಮನ್ಯಾಗ ಆಗ್ತಾವ್ರಿ

ಸಾಫ್ಟ್‌ವೇರ್ ತರಿಸಿದವಳು ನಾನೇ. ಹಾಗಾಗಿ ಬೇರೆ ಯಾರನ್ನೂ ಬೈಯುವ ಸುಖವೂ ನನಗಿಲ್ಲ.

ನಮ್ಮ ಯಜಮಾನರು ಶಿವಯೋಗೀಶ ಅವರದು ಹುಬ್ಬಳ್ಳಿಯಲ್ಲಿ ಹಿಟ್ಟಿನ ಗಿರಣಿ ಯಂತ್ರ ಮಾರುವ ಅಂಗಡಿ. ದಿನಾ ಹನ್ನೊಂದಕ್ಕೆ, ಸರಿಯಾಗಿ ನಾನು ರೊಟ್ಟಿ ಬಡಿಯುವಾಗ, ಅವರ ಫೋನು. "ಉಮಾ, ಮುಗದ ಊರಿನ ಫಕೀರವ್ವನ ಗಿರಣಿ ಬರೂದು ತಡಾ ಆಗ್ತೈತಿ. ಆಕಿಗೆ ಏನಂತ ಬರೀಬೇಕ?" ದರಪಟ್ಟಿ, ಕರಾರು, ಖಾತರಿ ಪತ್ರ, ಕ್ಷಮಾಪಣೆ, ಹದಿನೆಂಟು ವರ್ಷ ಎಲ್ಲವೂ ನನ್ನ ಅಡುಗೆಮನೆಯಿಂದಲೇ ಹೊರಟವು. ಲ್ಯಾಪ್‌ಟಾಪಿನ ಸಂದಿಗಳಲ್ಲಿ ಒಂದು ರೊಟ್ಟಿಗಾಗುವಷ್ಟು ಜೋಳದ ಹಿಟ್ಟಿತ್ತು.

"ಇದಕ್ಕೊಂದು ಸಾಫ್ಟ್‌ವೇರ್ ಹಾಕಿಸ್ರಿ. ನನಗೂ ಸ್ವಲ್ಪ ಉಸಿರಾಡಾಕ ಬಿಡ್ರಿ" ಎಂದೆ. ಹಾಕಿಸಿದರು.

ಕಂಪನಿಯಿಂದ ಗೀತಾಂಜಲಿ ಎಂಬ ಹುಡುಗಿ ಮನೆಗೇ ಬಂದಳು. ಇದಕ್ಕೆ ಆನ್‌ಬೋರ್ಡಿಂಗ್ ಅನ್ನುತ್ತಾರಂತೆ. ಮೊದಲ ವಾರ ಹಳೆಯ ಕಾಗದಗಳನ್ನೆಲ್ಲ ಅದಕ್ಕೆ ಉಣಿಸುವುದು, ಎರಡನೆಯ ವಾರ ಮಾದರಿ ಪತ್ರ ಕೂಡಿಸುವುದು, ಮೂರನೆಯ ವಾರ ಅಂಗಡಿಯವರಿಗೆ ತರಬೇತಿ. ಆಮೇಲೆ ಅದು ತಾನೇ ನಡೆಯುತ್ತದೆ. (ಕೂಸು ಕೂಡ ಇಷ್ಟು ಬೇಗ ನಡೆಯುವುದಿಲ್ಲ.)

"ಈಗ ಕಾಗದಪತ್ರ ಯಾರು ತಯಾರು ಮಾಡ್ತಾರ್ರಿ, ಸರ್?" ಎಂದು ಅವಳು ಕೇಳಿದಳು.

"ಯಾರೂ ಇಲ್ಲ ಬಿಡ್ರಿ. ಅವು ಮನ್ಯಾಗ ಆಗ್ತಾವ್ರಿ" ಎಂದರು ಇವರು.

ಉಪ್ಪಿನಕಾಯಿ ಆದ ಹಾಗೆ! ನಾನು ಚಹಾ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಗೀತಾಂಜಲಿ ನನ್ನ ಹಳೆಯ ಪತ್ರಗಳನ್ನು ಒಂದೊಂದಾಗಿ ಓದಿದಳು. ಫಕೀರವ್ವನಿಗೆ ಬರೆದ ಪತ್ರದ ಕೊನೆಗೆ, ಸೊಸೆಯ ಬಾಣಂತನ ಹೇಗೆ ನಡೆದಿದೆ ಎಂದು ವಿಚಾರಿಸಿದ್ದೆ. "ಅಕ್ಕಾ, ಈ ಸಾಲು ಮಾದರಿಯೊಳಗ ಇರಲೇನ್ರಿ?"

"ಎಲ್ಲಾ ಗಿರಾಕಿಗಳ ಸೊಸಿ ಹಡದಿರ್ತಾಳೇನು? ತಗೀರಿ" ಎಂದರು ಇವರು. ತೆಗೆದೆವು. ಉಳಿದ ಮಾದರಿಗಳನ್ನೆಲ್ಲ ಕೂತು ಬರೆದುಕೊಟ್ಟವಳು ನಾನೇ.

ಒಂದು ತಿಂಗಳಲ್ಲಿ ಎಲ್ಲ ಸುಸೂತ್ರವಾಯಿತು. ಹನ್ನೊಂದಾದರೂ ಫೋನಿಲ್ಲ. ನಾಲ್ಕು ದಿನ ರೊಟ್ಟಿಗಳು ಹುಣ್ಣಿಮೆ ಚಂದ್ರನಂತೆ ಉಬ್ಬಿದವು. ಐದನೆಯ ದಿನ ಹಿಟ್ಟು ನಾದುತ್ತಾ ಕೂತಾಗ ಹೊಳೆಯಿತು: ಗಿರಣಿಯ ಕಾಗದ ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ. ನಾನೇ ಫೋನು ಮಾಡಿದೆ.

"ಏನಾರ ಬರೀಬೇಕಾಗಿತ್ತೇನ್ರಿ?"

"ಇಲ್ಲ. ಎಲ್ಲಾ ತಾನ ಬರೀತೈತಿ. ಗಿರಾಕಿ ಕುಂತಾರ, ಇಡ್ಲಿ?"

(ತಿಂಡಿಯಲ್ಲ, ಫೋನು.) ಇಟ್ಟರು.

ಮರುದಿನ ಅಂಗಡಿಯ ಜಾಲತಾಣ ತೆರೆದು, 'ಒಬ್ಬ ಗಿರಾಕಿ' ಎಂಬ ಹೆಸರಿನಲ್ಲಿ ದೂರು ಬರೆದೆ: 'ಯಂತ್ರ ಕೆಟ್ಟಿಲ್ಲ. ಆದರೆ ಯಾರೂ ಬಳಸದೆ ಸುಮ್ಮನೆ ಕೂತಿದೆ. ಒಮ್ಮೆ ಬಂದು ನೋಡಿ.' ಎಷ್ಟು ವರ್ಷ ಹಳೆಯದು ಎಂಬಲ್ಲಿ ಹದಿನೆಂಟು ಎಂದು ತುಂಬಿದೆ.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಉತ್ತರ ಬಂತು: 'ಮಾನ್ಯರೇ, ತಮ್ಮ ಯಂತ್ರದ ಖಾತರಿ ಅವಧಿ ಮುಗಿದಿರುವುದರಿಂದ ನಾವು ಅಸಹಾಯಕರು. ತಮ್ಮ ವಿಶ್ವಾಸ ಹೀಗೇ ಇರಲಿ. ಇತಿ, ಶಿವಯೋಗೀಶ.'

ಎರಡನೆಯ ವಾರ ನಾನೇ ಬರೆದುಕೊಟ್ಟ ಪತ್ರ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಸಂಜೆ ಇವರು ನಗುತ್ತಾ ಬಂದರು. "ಇವತ್ತ ಯಾವುದೋ ತಲಿಕೆಟ್ಟ ಗಿರಾಕಿ ದೂರು ಬಂದಿತ್ತು. ನಾ ನೋಡೂದ್ರಾಗ ಉತ್ತರ ಹೋಗಿಬಿಟ್ಟಿತ್ತು! ಖರೇನ ಉಮಾ, ಇದನ್ನ ತರಿಸಿ ಭಾಳ ಛಲೋ ಕೆಲಸಾ ಮಾಡಿದಿ ನೋಡು ನೀ."

ಹದಿನೆಂಟು ವರ್ಷಗಳಲ್ಲಿ ಇವರು ನನ್ನನ್ನು ಹೊಗಳಿದ್ದು ಅದೇ ಮೊದಲು. "ಹೌದ್ರಿ" ಎಂದು ಚಹಾ ಸೋಸಿದೆ.